ಬಸ್ಟರ್ ಕೀಟನ್ ಪತನ: ಮಾತಿನ ಮೇಲೆ ಹೊರಿಸಿದ ಸುಳ್ಳು ಆಪಾದನೆ

ಸಿನಿಮಾ ಚರಿತ್ರೆಯನ್ನು ಅರೆಬರೆ ಬಲ್ಲವರೂ ತಡವರಿಸದೆ ಒಪ್ಪಿಸುವ ಪಾಠವೊಂದಿದೆ. 1927ರಲ್ಲಿ ಹಾಲಿವುಡ್ಡಿನ ತೆರೆಗೆ ಮಾತು ಬಂತು, ಮೂಕಿ ಚಿತ್ರಗಳ ದೊರೆಗಳೆಲ್ಲ ಒಬ್ಬೊಬ್ಬರಾಗಿ ಮೂಲೆಗುಂಪಾದರು. ಆ ಪಟ್ಟಿಯಲ್ಲಿ ಬಸ್ಟರ್ ಕೀಟನ್‌ನ ಹೆಸರು ತಪ್ಪದೆ ಬರುತ್ತದೆ. 1920ರ ದಶಕದಲ್ಲಿ ಚಾಪ್ಲಿನ್‌ಗೆ ಸರಿಸಾಟಿಯಾಗಿ ನಿಂತ ನಟ, ನಿರ್ದೇಶಕ. 1933ರ ಹೊತ್ತಿಗೆ ಕೆಲಸ ಕಳೆದುಕೊಂಡ ಕುಡುಕ. ನಡುವೆ ಬಂದದ್ದು ಮಾತು, ಆದ್ದರಿಂದ ಕೆಡಿಸಿದ್ದೂ ಮಾತೇ ಎಂಬುದು ಲೆಕ್ಕ. ಈ ಕಥೆಯಲ್ಲಿ ಎಲ್ಲರಿಗೂ ಒಂದು ಅನುಕೂಲವಿದೆ. ಯಂತ್ರ ಬಂತು, ಮನುಷ್ಯ ಹೋದ ಎಂದುಬಿಟ್ಟರೆ ಯಾರ ಕಡೆಗೂ ಬೆರಳು ತೋರಿಸಬೇಕಾಗಿಲ್ಲ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ. ಕೀಟನ್‌ನ ಕಲೆಗೆ ಕುತ್ತು ಬಂದದ್ದು 1928ರಲ್ಲಿ ಅವನು ಸಹಿ ಹಾಕಿದ ಒಂದು ಕರಾರಿನಿಂದ. ಆ ಕರಾರು ಅವನಿಂದ ಕಸಿದುಕೊಂಡದ್ದು ಹಣವನ್ನಲ್ಲ, ಹೆಸರನ್ನೂ ಅಲ್ಲ, ಕೆಲಸ ಮಾಡುವ ಕ್ರಮವನ್ನು.

ಮೊದಲು ಮಾತಿನ ವಿಷಯವನ್ನೇ ಮುಗಿಸೋಣ. 1895ರ ಅಕ್ಟೋಬರ್ 4ರಂದು ಕನ್ಸಾಸ್‌ನ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಕೀಟನ್‌ನ ತಂದೆ ಜೋ, ತಾಯಿ ಮೈರಾ ಇಬ್ಬರೂ ಊರೂರು ಅಲೆಯುವ ವಾಡ್ವಿಲ್ ರಂಗದ ಕಲಾವಿದರು. ಹಾಡು, ಕುಣಿತ, ನಗೆಚಾಟಿಕೆ, ಕಸರತ್ತು ಎಲ್ಲವೂ ಬೆರೆತ ರಂಗ ಅದು. ಶಾಲೆಗೆ ಹೋಗುವ ವಯಸ್ಸಿಗೆ ಮುಂಚೆಯೇ ಹುಡುಗ 'ದಿ ತ್ರೀ ಕೀಟನ್ಸ್' ತಂಡದ ಮುಖ್ಯ ಆಕರ್ಷಣೆಯಾಗಿದ್ದ. ಅವನ ಅಂಗಿಗೆ ಸೂಟ್‌ಕೇಸಿನ ಹಿಡಿಯೊಂದನ್ನು ಹೊಲಿದಿರುತ್ತಿದ್ದರು. ಅಪ್ಪ ಅದನ್ನು ಹಿಡಿದೆತ್ತಿ ಮಗನನ್ನು ರಂಗದ ಆಚೆಗೆ ಎಸೆಯುತ್ತಿದ್ದ. ಮಕ್ಕಳ ರಕ್ಷಣೆಗೆ ನಿಂತ ಸಂಘದವರು ಈ ಆಟದ ಮೇಲೆ ಪದೇ ಪದೇ ದೂರು ಹೂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬಿದ್ದೆದ್ದಾಗ ತಾನು ನಕ್ಕರೆ ಜನ ನಗುವುದಿಲ್ಲ, ತಾನು ಮುಖ ಬಿಗಿದರೆ ಸಭೆಯೆಲ್ಲ ನಗುತ್ತದೆ ಎಂಬುದನ್ನು ಅವನು ಕಂಡುಕೊಂಡದ್ದು ಅಲ್ಲೇ. ಮುಂದೆ ಜಗತ್ತೆಲ್ಲ ಕೊಂಡಾಡಿದ ಆ ಕಲ್ಲುಮುಖ ಯಾವ ತತ್ತ್ವಜ್ಞಾನದ ಫಲವೂ ಅಲ್ಲ, ದಿನಕ್ಕೆರಡು ಆಟ ಆಡಿ ಗಳಿಸಿದ ಕಸುಬಿನ ತಿಳಿವಳಿಕೆ. ಇಂಥ ರಂಗದಲ್ಲಿ ಸುಮಾರು ಹದಿನೇಳು ವರ್ಷ ಮಾತಾಡಿ, ಹಾಡಿ, ಅಣಕವಾಡಿ ಪಳಗಿದವನು ಮೈಕಿನ ಮುಂದೆ ನಡುಗಿದ ಎಂದರೆ ನಂಬುವುದು ಹೇಗೆ? ಅವನದು ಒರಟಾದ, ತಗ್ಗಿದ, ತುಂಬು ಕಂಠ. ಆ ಮುಖಕ್ಕೆ ಹೇಳಿ ಮಾಡಿಸಿದಂತಿತ್ತು. 1929ರ 'ಸ್ಪೈಟ್ ಮ್ಯಾರೇಜ್' ಅನ್ನು ಟಾಕಿಯಾಗಿಯೇ ತೆಗೆಯೋಣ ಎಂದು ಕೇಳಿದವನು ಅವನೇ, ಬೇಡವೆಂದದ್ದು ಸ್ಟುಡಿಯೊ. ಡಬ್ಬಿಂಗ್ ಇನ್ನೂ ರೂಢಿಗೆ ಬಂದಿರದ ಆ ಕಾಲದಲ್ಲಿ ಅವನ ಮೊದಲ ಟಾಕಿಗಳನ್ನು ಪರದೇಶದ ಮಾರುಕಟ್ಟೆಗಾಗಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮತ್ತೆ ಚಿತ್ರೀಕರಿಸಿದಾಗ, ಆ ಭಾಷೆಗಳು ಬಾರದಿದ್ದರೂ ಉಚ್ಚಾರವನ್ನು ಉರು ಹೊಡೆದು ಕ್ಯಾಮೆರಾ ಮುಂದೆ ಹೇಳಿದ. ಮಾತಿಗೆ ಹೆದರಿದವನ ಲಕ್ಷಣ ಇದಲ್ಲ.

ಹಾಗಾದರೆ ಅವನು ಕಳೆದುಕೊಂಡದ್ದೇನು? ಅದನ್ನರಿಯಲು ಅವನ ಚಿತ್ರಗಳು ತಯಾರಾಗುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್‌ನ 'ದಿ ಬುಚರ್ ಬಾಯ್' ಚಿತ್ರದ ಮೂಲಕ ಸಿನಿಮಾಕ್ಕೆ ಕಾಲಿಟ್ಟ ಕೀಟನ್‌ಗೆ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸೇವೆ ಸಲ್ಲಿಸಿ ಬಂದ ಮೇಲೆ, 1920ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಒಂದು ಸ್ಟುಡಿಯೊವನ್ನೇ ಒಪ್ಪಿಸಿದ. ಚಾಪ್ಲಿನ್ ಹಿಂದೆ ಕೆಲಸ ಮಾಡಿದ್ದ ಜಾಗವೇ ಅದು. ಅಲ್ಲಿ ಬರೆದ ಚಿತ್ರಕಥೆ ಎಂಬ ವಸ್ತುವೇ ಇರಲಿಲ್ಲ. ಕ್ಲೈಡ್ ಬ್ರಕ್‌ಮನ್, ಜೀನ್ ಹಾವೆಜ್ ಮೊದಲಾದ ಮೂರ್ನಾಲ್ಕು ಜನ ಗ್ಯಾಗ್ (ನಗೆಯ ಪ್ರಸಂಗ) ಬರಹಗಾರರು ಕೀಟನ್ ಜತೆ ಕೂತು ಹರಟುತ್ತಿದ್ದರು. ಕಥೆಗೊಂದು ಆರಂಭ, ಒಂದು ಕೊನೆ ಸಿಕ್ಕರೆ ಕೆಲಸ ಶುರು. ನಡುವಿನದು ತಾನಾಗಿ ಹುಟ್ಟುತ್ತದೆ ಎಂಬ ಭರವಸೆ. ಎಲ್ಲಾದರೂ ಕಗ್ಗಂಟಾದರೆ ಕ್ಯಾಮೆರಾ ಪಕ್ಕಕ್ಕಿಟ್ಟು ಇಡೀ ತಂಡ ಬೇಸ್‌ಬಾಲ್ ಆಡುತ್ತಿತ್ತು, ಆಟದ ನಡುವೆ ಯಾರಿಗಾದರೂ ಉಪಾಯ ಹೊಳೆದರೆ ಮತ್ತೆ ಚಿತ್ರೀಕರಣ. ಲೆಕ್ಕಪತ್ರ ನೋಡುವವರ ಕಣ್ಣಿಗೆ ಇದು ಶುದ್ಧ ಸೋಮಾರಿತನ. ಆದರೆ 'ಒನ್ ವೀಕ್', 'ಕಾಪ್ಸ್', 'ಷರ್ಲಾಕ್ ಜೂನಿಯರ್', 'ದಿ ನ್ಯಾವಿಗೇಟರ್', 'ಸೆವೆನ್ ಚಾನ್ಸಸ್' ಚಿತ್ರಗಳು ಎಂಟು ವರ್ಷದೊಳಗೆ ಈ ಸೋಮಾರಿತನದಿಂದಲೇ ಹೊರಬಂದವು. ಎಷ್ಟೋ ಚಿತ್ರಗಳಲ್ಲಿ ನಿರ್ದೇಶಕರೆಂದು ಬೇರೆಯವರ ಹೆಸರಿದೆ ಅಥವಾ ಜೊತೆಗೆ ಇನ್ನೊಬ್ಬರ ಹೆಸರಿದೆ. ಆ ವಿಷಯದಲ್ಲಿ ಅವನಿಗೆ ಗಮನವೇ ಇರಲಿಲ್ಲ, ಇದ್ದಿದ್ದರೆ ಮುಂದೆ ಒಳ್ಳೆಯದಾಗುತ್ತಿತ್ತೇನೊ.

'ದಿ ಜನರಲ್' ಚಿತ್ರದ ಒಂದು ದೃಶ್ಯವನ್ನೇ ತೆಗೆದುಕೊಳ್ಳಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ ನಡೆದ ರೈಲು ಅಪಹರಣವೊಂದನ್ನು ಆಧರಿಸಿದ ಚಿತ್ರ ಇದು. ಪ್ರೇಯಸಿಯಿಂದ ತಿರಸ್ಕೃತನಾದ ಎಂಜಿನ್ ಚಾಲಕ ಜಾನಿ, ನಿಂತ ರೈಲೆಂಜಿನ್ನಿನ ಗಾಲಿಗಳನ್ನು ಜೋಡಿಸುವ ಉಕ್ಕಿನ ಸರಳಿನ ಮೇಲೆ ಕುಳಿತಿದ್ದಾನೆ. ಎಂಜಿನ್ ಮೆಲ್ಲಗೆ ಹೊರಡುತ್ತದೆ. ಸರಳು ಅವನನ್ನು ಹಾಗೇ ಕೂರಿಸಿಕೊಂಡು ಮೇಲಕ್ಕೊಯ್ಯುತ್ತದೆ, ಕೆಳಕ್ಕಿಳಿಸುತ್ತದೆ. ದುಃಖದಲ್ಲಿ ಮುಳುಗಿದವನಿಗೆ ಅದರ ಪರಿವೆಯಿಲ್ಲ. ರೈಲು ಶೆಡ್ಡಿನೊಳಗೆ ನುಗ್ಗುವ ಕ್ಷಣದಲ್ಲಷ್ಟೇ ಎಚ್ಚರ. ಒಂದು ಮಾತಿಲ್ಲ, ಮುಖದಲ್ಲಿ ಒಂದು ಗೆರೆ ಬದಲಾಗುವುದಿಲ್ಲ. ಹಬೆ ಸ್ವಲ್ಪ ಹೆಚ್ಚಾಗಿ ಗಾಲಿ ಗಿರ್ರೆಂದು ತಿರುಗಿದ್ದರೆ ನಟ ಉಳಿಯುತ್ತಿರಲಿಲ್ಲ. ಇದನ್ನು ಮೇಜಿನ ಮುಂದೆ ಕೂತು ಬರೆದು, ಮೇಲಿನವರ ಒಪ್ಪಿಗೆಗೆ ಕಳಿಸಿ, ಖರ್ಚಿನ ಪಟ್ಟಿ ಲಗತ್ತಿಸಿ ತೆಗೆಯಲು ಸಾಧ್ಯವೆ? ನಿಜವಾದ ಎಂಜಿನ್ನಿನ ಪಕ್ಕದಲ್ಲಿ ನಿಂತು, ಅದರ ಮೈಯೆಲ್ಲ ತಡವಿ ನೋಡಿ, ಆ ಸರಳು ಹೇಗೆ ಏರಿಳಿಯುತ್ತದೆಂದು ಕಂಡವನಿಗೆ ಮಾತ್ರ ಹೊಳೆಯುವ ನಗೆ ಇದು.

ಈ ಕ್ರಮಕ್ಕೆ ಪೂರ್ತಿ ಸ್ವಾತಂತ್ರ್ಯ ಬೇಕಿತ್ತು ಎಂದೂ ತಿಳಿಯಬೇಕಾಗಿಲ್ಲ. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ ಕೊನೆಗೆ ಪ್ರವಾಹದ ದೃಶ್ಯ ಇರಬೇಕೆಂದು ಕೀಟನ್ ಸಿದ್ಧತೆ ನಡೆಸಿದ್ದ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಹರಿದು ಲಕ್ಷಾಂತರ ಜನ ಮನೆಮಠ ಕಳೆದುಕೊಂಡಿದ್ದರಿಂದ, ಪ್ರವಾಹವನ್ನು ನಗೆಗೆ ಬಳಸುವುದು ಬೇಡವೆಂದು ನಿರ್ಮಾಪಕರ ಕಡೆಯಿಂದ ತಡೆ ಬಂತು. ಅಪ್ಪಟ ಹಸ್ತಕ್ಷೇಪವೇ ಹೌದು. ಕೀಟನ್ ಪ್ರವಾಹವನ್ನು ಬಿಟ್ಟು ಬಿರುಗಾಳಿಯನ್ನು ಹಿಡಿದ. ಸಿನಿಮಾ ಚರಿತ್ರೆಯ ಅತ್ಯಂತ ಪ್ರಸಿದ್ಧ ಅಪಾಯದ ದೃಶ್ಯ ಹುಟ್ಟಿದ್ದು ಆ ಬದಲಾವಣೆಯಿಂದ. ಎರಡಂತಸ್ತಿನ ಮನೆಯ ಮುಂಗೋಡೆ ಇಡಿಯಾಗಿ ಕಳಚಿ ಅವನ ಮೇಲೆ ಬೀಳುತ್ತದೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೆ ಬರುವುದರಿಂದ ಅವನು ಬದುಕುತ್ತಾನೆ. ಗೋಡೆ ನಿಜವಾಗಿಯೂ ಭಾರವಾದದ್ದು. ಹಗುರವಾಗಿದ್ದರೆ ಗಾಳಿಯ ಯಂತ್ರಗಳ ರಭಸಕ್ಕೆ ತಿರುಚಿಕೊಂಡು ಬೇರೆಡೆ ಬೀಳುತ್ತಿತ್ತು. ಕಿಟಕಿಯ ಚೌಕಟ್ಟಿಗೂ ಅವನ ತಲೆ-ಭುಜಗಳಿಗೂ ಇದ್ದ ಅಂತರ ಕೆಲವೇ ಇಂಚು. ಅಂದರೆ ಮೇಲಿನಿಂದ ಬಂದ 'ಬೇಡ' ಎಂಬ ಮಾತು ಅವನನ್ನು ಕಟ್ಟಿಹಾಕಲಿಲ್ಲ. ಏನು ಮಾಡಬಾರದು ಎಂದು ಬೇರೆಯವರು ಹೇಳಿದ್ದರು, ಹೇಗೆ ಮಾಡಬೇಕು ಎಂಬುದು ಇನ್ನೂ ಅವನ ಕೈಯಲ್ಲೇ ಇತ್ತು.

ಅದು ಕೈತಪ್ಪಿದ್ದು ಆ ಚಿತ್ರದ ನಂತರ. ಕೀಟನ್‌ನ ಹೆಸರಿನಲ್ಲೇ ಇದ್ದ ಬಸ್ಟರ್ ಕೀಟನ್ ಪ್ರೊಡಕ್ಷನ್ಸ್ ಕಂಪನಿಯಲ್ಲಿ ಅವನಿಗೆ ಒಂದೇ ಒಂದು ಷೇರೂ ಇರಲಿಲ್ಲ. ಸಂಬಳ ಬರುತ್ತಿತ್ತು, ಲಾಭದಲ್ಲಿ ಪಾಲಿತ್ತು, ಅಷ್ಟೆ. ಹೆಂಡತಿ ನಟಾಲಿ ಟಾಲ್ಮಡ್ಜ್‌ಳ ಅಕ್ಕ ನಾರ್ಮಾಳ ಗಂಡನೇ ಜೋಸೆಫ್ ಶೆಂಕ್. ಷಡ್ಡಕನ ಜತೆ ಲೆಕ್ಕಾಚಾರ ಏಕೆಂದು ಬಿಟ್ಟನೊ, ವ್ಯವಹಾರದ ಗೊಡವೆಯೇ ಬೇಡವೆಂದುಕೊಂಡನೊ, ಒಟ್ಟಿನಲ್ಲಿ ಕಾಗದ ಓದುವ ಅಭ್ಯಾಸ ಅವನಿಗಿರಲಿಲ್ಲ. 1928ರಲ್ಲಿ ಶೆಂಕ್ ಆ ಸ್ಟುಡಿಯೊವನ್ನು ಮುಚ್ಚಿ, ಕೀಟನ್‌ನನ್ನು ತನ್ನ ತಮ್ಮ ನಿಕೊಲಸ್ ಶೆಂಕ್‌ನ ಹಿಡಿತದಲ್ಲಿದ್ದ ದೊಡ್ಡ ಸ್ಟುಡಿಯೊ ಎಂಜಿಎಂಗೆ ಒಪ್ಪಿಸಿದ. ಅಣ್ಣನ ಅಂಗಡಿಯಿಂದ ತಮ್ಮನ ಅಂಗಡಿಗೆ ಮಾಲು ಹೋದಂತಾಯಿತು. ಹೋಗಬೇಡ, ಆ ದೊಡ್ಡ ಸಂಸ್ಥೆಯಲ್ಲಿ ಕಳೆದುಹೋಗುತ್ತೀಯ ಎಂದು ಚಾಪ್ಲಿನ್ ಮತ್ತು ಇನ್ನೊಬ್ಬ ಮೂಕಿ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಇಬ್ಬರೂ ಬುದ್ಧಿ ಹೇಳಿದರು. ಕೇಳಲಿಲ್ಲ. ತನ್ನ ಬದುಕಿನ ಅತಿ ದೊಡ್ಡ ತಪ್ಪು ಇದೇ ಎಂದು ಮುಂದೆ ಅವನೇ ಹೇಳಿಕೊಂಡ.

ಎಂಜಿಎಂ ಕೆಟ್ಟವರ ಕೂಟವೇನೂ ಆಗಿರಲಿಲ್ಲ, ಅದೊಂದು ದಕ್ಷ ಕಾರ್ಖಾನೆ. ಅಲ್ಲಿ ಕಥೆಯ ಇಲಾಖೆ ಕಥೆ ಬರೆಯಬೇಕು, ಮೇಲ್ವಿಚಾರಕ ಒಪ್ಪಬೇಕು, ಖರ್ಚು ಮೊದಲೇ ನಿಗದಿಯಾಗಬೇಕು, ನಟ ಬಂದು ನಟಿಸಿ ಹೋಗಬೇಕು. ನಾಟಕೀಯ ಚಿತ್ರಗಳಿಗೆ ಇದು ಚೆನ್ನಾಗಿಯೇ ಒಪ್ಪಿತು. ಅಲ್ಲಿ ತೆಗೆದ ಮೊದಲ ಚಿತ್ರ 'ದಿ ಕ್ಯಾಮೆರಾಮನ್' ಕೂಡ ಹೀಗೇ ದಪ್ಪನೆಯ ಚಿತ್ರಕಥೆಯೊಂದಿಗೆ ಶುರುವಾಯಿತು. ನ್ಯೂಯಾರ್ಕ್‌ನ ಬೀದಿಗಳಲ್ಲಿ ಜನ ಮುತ್ತಿಕೊಂಡು ಚಿತ್ರೀಕರಣವೇ ಅಸಾಧ್ಯವಾದಾಗ, ನಿರ್ಮಾಣದ ಮುಖ್ಯಸ್ಥ ಅರ್ವಿಂಗ್ ಥಾಲ್ಬರ್ಗ್‌ನನ್ನು ಒಪ್ಪಿಸಿ ಕೀಟನ್ ಆ ಕಾಗದಗಳನ್ನು ಬದಿಗಿಟ್ಟ. ಈಜುಕೊಳದ ಪಕ್ಕದ ಗೂಡಿನಂಥ ಕೋಣೆಯಲ್ಲಿ ಇಬ್ಬರು ಗಂಡಸರು ಒಟ್ಟಿಗೆ ಬಟ್ಟೆ ಬದಲಿಸಲು ಹೆಣಗುವ ದೃಶ್ಯ ಅದರಲ್ಲಿದೆ. ಒಬ್ಬನ ತೋಳು ಇನ್ನೊಬ್ಬನ ಪಟ್ಟಿಯೊಳಗೆ, ಇವನ ಕಾಲು ಅವನ ಅಂಗಿಯೊಳಗೆ. ಅದು ನಿಂತ ನಿಲುವಿನಲ್ಲಿ ಹುಟ್ಟಿದ್ದು. ಚಿತ್ರ ಗೆದ್ದಿತು. ಗೆಲುವಿನಿಂದ ಸ್ಟುಡಿಯೊ ಕಲಿತದ್ದು ಮಾತ್ರ ತಲೆಕೆಳಗಾದ ಪಾಠ: ನಮ್ಮ ವ್ಯವಸ್ಥೆ ಕೀಟನ್‌ಗೂ ಒಗ್ಗುತ್ತದೆ ಎಂದುಕೊಂಡಿತು. ಎರಡೇ ವರ್ಷದಲ್ಲಿ, 1930ರ 'ಫ್ರೀ ಅಂಡ್ ಈಸಿ' ಚಿತ್ರದ ಕೊನೆಯ ಹಾಡಿನಲ್ಲಿ ಅವನಿಗೆ ಕೋಡಂಗಿಯ ಬಣ್ಣ ಬಳಿದು, ಸೂತ್ರದ ಬೊಂಬೆಯಂತೆ ತಂತಿಯಲ್ಲಿ ನೇತುಹಾಕಲಾಗಿದೆ. ಇದಕ್ಕಿಂತ ಒಳ್ಳೆಯ ಸಾಂಕೇತಿಕ ಚಿತ್ರವನ್ನು ಅವನ ವೈರಿಗಳು ಬಯಸಿದ್ದರೂ ಕೊಡಲಾಗುತ್ತಿರಲಿಲ್ಲ. ಮೊದಲಿನ ಕೀಟನ್ ಜಗತ್ತಿನ ಯಂತ್ರಗಳೊಡನೆ ಹೋರಾಡಿ ಹೇಗೋ ಗೆಲ್ಲುವ ಜಾಣ; ಎಂಜಿಎಂ ಚಿತ್ರಗಳ 'ಎಲ್ಮರ್' ಎಲ್ಲರ ಕನಿಕರಕ್ಕೆ ಪಾತ್ರನಾದ ಪೆದ್ದ. ಆಮೇಲೆ ಪಕ್ಕದಲ್ಲಿ ಹಾಸ್ಯನಟ ಜಿಮ್ಮಿ ಡುರಾಂಟಿಯನ್ನು ತಂದು ನಿಲ್ಲಿಸಿದರು, ಅವನ ಗದ್ದಲದಲ್ಲಿ ಇವನ ಮೌನಕ್ಕೆ ಜಾಗವೇ ಉಳಿಯಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಹಗುರವಾದದ್ದಲ್ಲ. ಆ ಟಾಕಿಗಳಲ್ಲಿ ಹಲವು ಅವನ ಸ್ವಂತ ಚಿತ್ರಗಳಿಗಿಂತ ಹೆಚ್ಚು ಹಣ ತಂದವು. 'ದಿ ಜನರಲ್' ಚಿತ್ರಕ್ಕಾಗಿ ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ 1926ರ ಜುಲೈನಲ್ಲಿ ನಿಜವಾದ ಎಂಜಿನ್ನೊಂದನ್ನು ಉರಿಯುವ ಸೇತುವೆಯಿಂದ ನದಿಗೆ ಬೀಳಿಸಿದ ಒಂದೇ ಷಾಟಿಗೆ 42,000 ಡಾಲರ್ ಖರ್ಚಾಯಿತೆಂದು ಹೇಳುತ್ತಾರೆ. ಚಿತ್ರ ಹಾಕಿದ ಹಣವನ್ನು ಅಮೆರಿಕದಲ್ಲಿ ಹಿಂದೆ ತರಲಿಲ್ಲ, ವಿಮರ್ಶಕರೂ ಕೈಬಿಟ್ಟರು. ಹೀಗಿರುವಾಗ ಲಗಾಮು ಹಾಕಿದ ಜೋಸೆಫ್ ಶೆಂಕ್‌ನದು ತಪ್ಪೇ? ವ್ಯಾಪಾರದ ದೃಷ್ಟಿಯಿಂದ ಅಲ್ಲ ಎಂದು ಒಪ್ಪುತ್ತೇನೆ. ಆದರೆ ಈ ಆಕ್ಷೇಪ ಕೊನೆಗೆ ನನ್ನ ವಾದದ ಕಡೆಗೇ ವಾಲುತ್ತದೆ. ಟಾಕಿಯಲ್ಲಿ ಕೀಟನ್‌ನನ್ನು ನೋಡಲು ಜನ ದುಡ್ಡು ಕೊಟ್ಟು ಬಂದರು ಎಂದಾದರೆ, ಮಾತು ಬಂದೊಡನೆ ಪ್ರೇಕ್ಷಕರು ಅವನನ್ನು ತೊರೆದರು ಎಂಬ ಮೂಲಕಥೆಯೇ ಬಿದ್ದುಹೋಯಿತಲ್ಲ! ಮಾರುಕಟ್ಟೆ ಅವನನ್ನು ಹೊರದಬ್ಬಲಿಲ್ಲ. ಮಾರಾಟವಾಗುತ್ತಲೇ ಅವನು ಹಾಳಾದ. 1930ರ ಗಳಿಕೆಯ ಲೆಕ್ಕವನ್ನೇ ಕೊನೆಯ ಮಾತೆಂದುಕೊಳ್ಳುವವರು ಇನ್ನೂ ಒಂದು ಸಂಗತಿ ಗಮನಿಸಬೇಕು: ನಷ್ಟ ತಂದ 'ದಿ ಜನರಲ್' 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಮೊದಲ ಕಂತಿನಲ್ಲೇ ಸೇರಿತು, ಲಾಭ ತಂದ ಎಲ್ಮರ್‌ಗಳನ್ನು ಇಂದು ಸಂಶೋಧಕರಷ್ಟೇ ನೋಡುತ್ತಾರೆ.

ಎರಡನೆಯ ಆಕ್ಷೇಪ ಕುಡಿತ. ಅದು ಸುಳ್ಳಲ್ಲ. ಜೋ ಕೀಟನ್ ಕುಡುಕ. ಮಗನಿಗೂ ಆ ಚಟ ಹತ್ತಿತು. 1932ರಲ್ಲಿ ವಿಚ್ಛೇದನವಾಯಿತು, ಇಬ್ಬರು ಗಂಡುಮಕ್ಕಳ ಹೆಸರಿನಿಂದಲೂ ಕೀಟನ್ ಎಂಬುದು ಮರೆಯಾಯಿತು. ಸೆಟ್ಟಿಗೆ ಬಾರದೆ ಚಿತ್ರೀಕರಣ ನಿಲ್ಲುವ ಮಟ್ಟಕ್ಕೆ ಹೋದಾಗ, 1933ರಲ್ಲಿ ಎಂಜಿಎಂನ ಮುಖ್ಯಸ್ಥ ಲೂಯಿಸ್ ಬಿ. ಮೇಯರ್ ಅವನನ್ನು ಕೆಲಸದಿಂದ ತೆಗೆದುಹಾಕಿದ. ಇದಕ್ಕೆಲ್ಲ ಸ್ಟುಡಿಯೊವನ್ನೇ ಹೊಣೆ ಮಾಡುವುದು ಭಕ್ತರ ಮಾತಾದೀತು. ಮುರಿದ ಮದುವೆಗೆ ಎಂಜಿಎಂ ಕಾರಣವಲ್ಲ. ಆದರೂ ಕುಡಿತದಿಂದ ಕಲ್ಪನಾಶಕ್ತಿಯೇ ಬತ್ತಿತು ಎನ್ನುವುದಕ್ಕೆ ಆಧಾರವಿಲ್ಲ. 1930ರ ದಶಕದ ನಡುವಿನಿಂದ ಚಟ ಬಹುಮಟ್ಟಿಗೆ ಹಿಡಿತಕ್ಕೆ ಬಂತು. ಹಳೆಯ ಸಂಬಳದ ಸಣ್ಣದೊಂದು ಪಾಲಿಗೆ ಅದೇ ಎಂಜಿಎಂನಲ್ಲಿ ಬೇರೆಯವರಿಗೆ ಗ್ಯಾಗ್ ಕಟ್ಟಿಕೊಡುವ ಕೆಲಸಕ್ಕೆ ಸೇರಿದ. 1948ರ 'ಎ ಸದರ್ನ್ ಯಾಂಕಿ' ಚಿತ್ರದಲ್ಲಿ ಹಾಸ್ಯನಟ ರೆಡ್ ಸ್ಕೆಲ್ಟನ್ ಅಂತರ್ಯುದ್ಧದ ಎರಡು ಸೈನ್ಯಗಳ ನಡುವೆ ನಡೆದುಹೋಗುತ್ತಾನೆ. ಅವನ ಸಮವಸ್ತ್ರ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಬೂದು. ಕೈಯಲ್ಲಿನ ಬಾವುಟಕ್ಕೂ ಎರಡು ಮುಖ. ಎರಡೂ ಕಡೆಯವರು ತಮ್ಮವನೆಂದು ಜೈಕಾರ ಹಾಕುತ್ತಾರೆ, ಗಾಳಿ ಬೀಸಿ ಬಾವುಟ ಹೊರಳುವವರೆಗೆ. ಆ ಹೊಳಹು ಕೀಟನ್‌ನದು. ಚಿತ್ರದಲ್ಲಿ ಜನ ಇಂದಿಗೂ ನೆನೆಯುವ ದೃಶ್ಯವೂ ಅದೇ. ಸ್ಟುಡಿಯೊಗೆ ಅವನ ಬುದ್ಧಿ ಬೇಕಿತ್ತು, ಅದರ ಮೇಲೆ ಅವನಿಗೇ ಅಧಿಕಾರ ಬೇಡವಾಗಿತ್ತು.

ಮೂರನೆಯ ಆಕ್ಷೇಪವೇ ನಿಜಕ್ಕೂ ಗಟ್ಟಿಯಾದದ್ದು: ಹೆರಾಲ್ಡ್ ಲಾಯ್ಡ್. ಅವನ ಚಿತ್ರಗಳು ಅವನ ಸ್ವಂತದವು, ಅವನನ್ನು ಯಾವ ಸ್ಟುಡಿಯೊವೂ ನುಂಗಲಿಲ್ಲ, 1929ರಲ್ಲಿ ಅವನ ಮೊದಲ ಟಾಕಿ ಚೆನ್ನಾಗಿಯೇ ಓಡಿತು. ಆದರೂ 1930ರ ದಶಕದುದ್ದಕ್ಕೂ ಅವನ ಜನಪ್ರಿಯತೆ ಇಳಿಯುತ್ತ ಹೋಯಿತು. ಹಿಡಿತ ಕೈಯಲ್ಲಿದ್ದರೂ ಮಾತಿನ ಯುಗ ಅವನನ್ನು ಉಳಿಸಲಿಲ್ಲವಲ್ಲ? ನಿಜ, ಹಿಡಿತ ಇದ್ದ ಮಾತ್ರಕ್ಕೆ ಯಶಸ್ಸು ಖಚಿತ ಎಂದು ನಾನೂ ಹೇಳಲಾರೆ. ಲಾಯ್ಡ್‌ನ ಪಾತ್ರ ಶ್ರಮಪಟ್ಟರೆ ಮೇಲೇರಬಹುದೆಂದು ನಂಬಿದ ಹುರುಪಿನ ಯುವಕ. 1929ರ ಷೇರುಪೇಟೆ ಕುಸಿತದ ನಂತರ ಕೆಲಸವಿಲ್ಲದೆ ಸಾಲುಗಟ್ಟಿ ನಿಂತ ಜನಕ್ಕೆ ಆ ನಂಬಿಕೆ ಹಿಡಿಸದೆ ಹೋಗಿರಬಹುದು. ಆದರೆ ಅವನು ಇಳಿದದ್ದು ತನ್ನದೇ ಚಿತ್ರಗಳೊಂದಿಗೆ, ನಿಧಾನವಾಗಿ. ಕೀಟನ್‌ಗೆ ಅಂಥದೊಂದು ಸೋಲಿನ ಅವಕಾಶವೂ ದಕ್ಕಲಿಲ್ಲ. ಇನ್ನೊಂದು ಕಡೆ, ಯುನೈಟೆಡ್ ಆರ್ಟಿಸ್ಟ್ಸ್‌ನ ಪಾಲುದಾರನಾಗಿ ಸ್ವಂತ ಸ್ಟುಡಿಯೊ ಇಟ್ಟುಕೊಂಡಿದ್ದ ಚಾಪ್ಲಿನ್ 1931ರಲ್ಲಿ 'ಸಿಟಿ ಲೈಟ್ಸ್', 1936ರಲ್ಲಿ 'ಮಾಡರ್ನ್ ಟೈಮ್ಸ್' ಮಾಡಿ, ಮಾತಿನ ಯುಗದ ನಡುವೆಯೇ ಸಂಭಾಷಣೆಯಿಲ್ಲದೆ ಗೆದ್ದ.

ಈ ಜಗಳವನ್ನು ಬಿಡಿಸುವ ಸಾಕ್ಷಿ ನನ್ನ ಮಟ್ಟಿಗೆ ಹಾಸ್ಯಜೋಡಿ ಲಾರೆಲ್ ಮತ್ತು ಹಾರ್ಡಿ. ಅವರಿಗೆ ಮಾತು ವರವಾಗಿ ಬಂತು. ಹಾಲ್ ರೋಚ್‌ನ ಸಣ್ಣ ಸ್ಟುಡಿಯೊದಲ್ಲಿ ಸ್ಟಾನ್ ಲಾರೆಲ್ ಗ್ಯಾಗ್‌ಗಳನ್ನು ಕೂತು ಕಟ್ಟುತ್ತಿದ್ದ, ಸಂಕಲನದಲ್ಲೂ ಕೈಯಾಡಿಸುತ್ತಿದ್ದ. 1932ರ 'ದಿ ಮ್ಯೂಸಿಕ್ ಬಾಕ್ಸ್' ಆಸ್ಕರ್ ಪಡೆಯಿತು, 1933ರ 'ಸನ್ಸ್ ಆಫ್ ದಿ ಡೆಸರ್ಟ್' ಇಂದಿಗೂ ನಗಿಸುತ್ತದೆ. 1940ರಲ್ಲಿ ರೋಚ್‌ನನ್ನು ಬಿಟ್ಟು, ಮರುವರ್ಷದಿಂದ ಫಾಕ್ಸ್ ಮತ್ತು ಎಂಜಿಎಂಗಳಿಗೆ ಕೆಲಸ ಮಾಡತೊಡಗಿದರು. ಅಲ್ಲಿ ಅವರ ಕೈಗೆ ಸಿದ್ಧ ಚಿತ್ರಕಥೆ ಬಂತು. 1945ರವರೆಗೆ ಮಾಡಿದ ಎಂಟು ಚಿತ್ರಗಳನ್ನು ಅವರ ಕಟ್ಟಾ ಅಭಿಮಾನಿಗಳೂ ಮುಜುಗರದಿಂದಲೇ ನೆನೆಯುತ್ತಾರೆ. ಆ ಹೊತ್ತಿಗೆ ಮಾತು ಬಂದು ಹತ್ತು ವರ್ಷ ಮೀರಿತ್ತು, ಇಬ್ಬರ ದನಿಗಳೂ ಲೋಕಪ್ರಿಯವಾಗಿದ್ದವು. ಬದಲಾದದ್ದು ಕೆಲಸದ ಕ್ರಮ ಮಾತ್ರ. ರಂಗದಿಂದ ಬಂದ ಹಾಸ್ಯ ತಂಡ ಮಾರ್ಕ್ಸ್ ಸಹೋದರರು ಎಂಜಿಎಂನಲ್ಲೇ 'ಎ ನೈಟ್ ಅಟ್ ದಿ ಆಪೆರಾ' ಮಾಡಿ ಗೆದ್ದರಲ್ಲ ಎಂದು ಕೇಳಬಹುದು. ಗೆದ್ದರು. ಏಕೆಂದರೆ ಅದೇ ಥಾಲ್ಬರ್ಗ್ ಅವರನ್ನು ಚಿತ್ರೀಕರಣಕ್ಕೆ ಮುನ್ನ ಊರೂರು ಕಳಿಸಿ, ನಗೆಯ ಪ್ರಸಂಗಗಳನ್ನು ನಾಟಕದ ಪ್ರೇಕ್ಷಕರ ಮುಂದೆ ಆಡಿಸಿ ನೋಡಿದ. ರಂಗದಿಂದ ಬಂದವರಿಗೆ ರಂಗವನ್ನೇ ಒದಗಿಸಿದ. ಕೀಟನ್‌ಗೆ ಬೇಕಿದ್ದದ್ದು ನಾಲ್ವರು ಗೆಳೆಯರು, ಒಂದು ರೈಲೆಂಜಿನ್, ಸ್ವಲ್ಪ ಬಿಡುವು. ಅದನ್ನು ಕೊಡಲು ಯಾರಿಗೂ ತೋಚಲಿಲ್ಲ.

ತೊಂಬತ್ತು ವರ್ಷ ಹಿಂದಿನ ಈ ವ್ಯಾಜ್ಯ ಈಗೇಕೆ ಎನ್ನುವವರು 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಹೂಡಿದ್ದನ್ನು ನೆನೆಯಬಹುದು. ಕೃತಕ ಬುದ್ಧಿಮತ್ತೆ ತಮ್ಮ ಅನ್ನಕ್ಕೆ ಕಲ್ಲು ಹಾಕೀತೆಂಬ ಭಯ ಅವರಿಗಿತ್ತು. ಆದರೆ ಅವರು ಹಟ ಹಿಡಿದು ಕೂತದ್ದು ಯಂತ್ರವನ್ನು ನಿಷೇಧಿಸಿ ಎಂದಲ್ಲ. ಅದನ್ನು ಯಾರು, ಯಾವಾಗ, ಯಾರ ಒಪ್ಪಿಗೆಯಿಂದ ಬಳಸಬಹುದು ಎಂಬುದು ಕರಾರಿನಲ್ಲಿ ಇರಲಿ ಎಂದು. ಕೀಟನ್ ಓದದೆ ಬಿಟ್ಟ ಕಾಗದವನ್ನು ಇವರು ಸಾಲು ಸಾಲಾಗಿ ಓದಿದರು.

ಕೀಟನ್‌ನ ಉಳಿದ ಕಥೆ ಸುಖಾಂತವೆಂದೇ ಹೇಳಬೇಕು. 1940ರಲ್ಲಿ ನರ್ತಕಿ ಎಲಿನಾರ್ ನಾರಿಸ್‌ಳನ್ನು ಮದುವೆಯಾದ, ಆ ದಾಂಪತ್ಯ ಕೊನೆಯವರೆಗೂ ಉಳಿಯಿತು. 1949ರಲ್ಲಿ 'ಲೈಫ್' ಪತ್ರಿಕೆಯಲ್ಲಿ ವಿಮರ್ಶಕ ಜೇಮ್ಸ್ ಏಜಿ ಬರೆದ ಪ್ರಬಂಧ ಮೂಕಿ ಹಾಸ್ಯಗಾರರನ್ನು ಜನರಿಗೆ ಮತ್ತೆ ನೆನಪಿಸಿತು. 1952ರ 'ಲೈಮ್‌ಲೈಟ್'ನಲ್ಲಿ ಚಾಪ್ಲಿನ್ ಜತೆ ನಟಿಸಿದ, ಹಳೆಯ ಚಿತ್ರಗಳ ಪ್ರತಿಗಳು ಸಿಕ್ಕಿ ಮತ್ತೆ ಪ್ರದರ್ಶನ ಕಂಡವು, 1965ರಲ್ಲಿ ವೆನಿಸ್ ಚಿತ್ರೋತ್ಸವದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. 1966ರ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಈ ಮರ್ಯಾದೆಗಳಿಗಿಂತ ನನ್ನ ವಾದಕ್ಕೆ ಹೆಚ್ಚು ಬಲ ಕೊಡುವುದು 1964ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಅವನು ನಟಿಸಿದ 'ದಿ ರೈಲ್‌ರಾಡರ್' ಎಂಬ ಕಿರುಚಿತ್ರ ಮತ್ತು ಅದರ ಚಿತ್ರೀಕರಣವನ್ನು ಹಿಡಿದಿಟ್ಟ ಸಾಕ್ಷ್ಯಚಿತ್ರ. ಪುಟ್ಟ ರೈಲು ಟ್ರಾಲಿಯ ಮೇಲೆ ಕುಳಿತು ದೇಶವನ್ನು ದಾಟುವ ಮುದುಕನ ಪಾತ್ರ. ಎತ್ತರದ ರೈಲುಸೇತುವೆಯ ಮೇಲೆ ಹೋಗುವಾಗ ಬಿಚ್ಚಿದ ದೊಡ್ಡ ಭೂಪಟವೊಂದು ತನ್ನ ಮೈಗೆಲ್ಲ ಸುತ್ತಿಕೊಳ್ಳಬೇಕು, ಅದರೊಡನೆ ಗುದ್ದಾಡುತ್ತಲೇ ಸೇತುವೆ ದಾಟಿಬಿಡಬೇಕು ಎಂಬುದು ಅವನ ಕಲ್ಪನೆ. ಅಪಾಯವೆಂದು ಯುವ ನಿರ್ದೇಶಕ ಜೆರಾಲ್ಡ್ ಪಾಟರ್‌ಟನ್ ಅದನ್ನು ಬದಲಿಸಿದ. ಅರವತ್ತೊಂಬತ್ತರ ಅಂಚಿನಲ್ಲಿದ್ದ ಕೀಟನ್ ಸುಮ್ಮನಾಗಲಿಲ್ಲ. ಇದೇನು ಅಪಾಯ, ಮಕ್ಕಳಾಟ, ನೀವು ತೆಗೆದದ್ದರಲ್ಲಿ ನಗೆಯೇ ಇಲ್ಲ ಎಂಬ ಧಾಟಿಯಲ್ಲಿ ಗೊಣಗುತ್ತ, ಹೆಂಡತಿಯ ಮುಂದೆಯೂ ಅದನ್ನೇ ಹೇಳುತ್ತ ಉಳಿದ. ಪಾಟರ್‌ಟನ್ ಮಣಿದು, ಹಿರಿಯ ಹೇಳಿದ ಹಾಗೆಯೇ ಆ ದೃಶ್ಯವನ್ನು ಮತ್ತೆ ತೆಗೆದ. ಚಿತ್ರದಲ್ಲಿ ಉಳಿದಿರುವುದು ಆ ದೃಶ್ಯವೇ.